ಉಂಗುರ ಇಲ್ಲದಿದ್ದರೆ ದೊಡ್ಡ ಆಟಗಾರ ಅಲ್ವಾ?

ಒಂದೂ ಚಾಂಪಿಯನ್‌ಶಿಪ್ ಗೆಲ್ಲದ, ಹಾಗಾಗಿ ಗೆದ್ದವರಿಗೆ ಕೊಡುವ ಉಂಗುರವೂ ಇಲ್ಲದ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಅಲೆನ್ ಐವರ್ಸನ್‌ನನ್ನು ದೊಡ್ಡವರ ಸಾಲಿಗೆ ಸೇರಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಸೇರಿಸಬಹುದು.

2001ರ ಫಿಲಡೆಲ್ಫಿಯಾ ತಂಡ ನೋಡಿ. ಪಾಯಿಂಟ್ ಮಾಡುವ ಹೊರೆ ಹೆಚ್ಚೂಕಮ್ಮಿ ಇವನೊಬ್ಬನದೇ. ಉಳಿದವರು ಡಿಫೆನ್ಸ್, ರೀಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿಯುವುದು) ನೋಡಿಕೊಳ್ಳುತ್ತಿದ್ದರು. ಬಾಸ್ಕೆಟ್‌ಬಾಲ್‌ನಲ್ಲಿ ಕುಳ್ಳ ಅನ್ನಿಸುವ ಆರಡಿ ಎತ್ತರದ ಆಟಗಾರ ಆ ತಂಡವನ್ನು ಫೈನಲ್‌ವರೆಗೆ ಒಯ್ದ, ಆ ವರ್ಷದ ಎಂವಿಪಿಯೂ (ಅತ್ಯುತ್ತಮ ಆಟಗಾರ) ಆದ. ಫೈನಲ್‌ನ ಎದುರಾಳಿ, ಶಾಕ್ ಓನೀಲ್, ಕೋಬಿ ಬ್ರಯಂಟ್‌ರಂಥ ತಾರೆಗಳಿದ್ದ ಲೇಕರ್ಸ್ ತಂಡ ಆ ಪ್ಲೇಆಫ್‌ನಲ್ಲಿ ಅದುವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ಫೈನಲ್ ಸರಣಿಯ ಮೊದಲ ಪಂದ್ಯದಲ್ಲೇ ಐವರ್ಸನ್ 48 ಪಾಯಿಂಟ್ ಹೊಡೆದು ಅವರನ್ನು ಕೆಡವಿದ. ಆಮೇಲಿನ ನಾಲ್ಕೂ ಪಂದ್ಯ ಫಿಲಡೆಲ್ಫಿಯಾ ಸೋತಿತು, ಸರಿ.

ಎದುರು ಮಾತಲ್ಲೂ ಹುರುಳಿದೆ. ಅವನ ಎಸೆತಗಳಲ್ಲಿ ಬುಟ್ಟಿಗೆ ಬಿದ್ದದ್ದು ಶೇ 42 ಚಿಲ್ಲರೆ ಅಷ್ಟೇ. ಜಾಸ್ತಿ ಎಸೆದ, ಜಾಸ್ತಿ ತಪ್ಪಿಸಿದ. ಅದನ್ನು ಹಿಡಿದು ವಾದ ಮಾಡಿದರೆ ಕೇಳುತ್ತೇನೆ. ಸುಮ್ನೆ ಉಂಗುರ ಎಣಿಸೋದು ಬೇಡ.

ನೀವು ವಿರಾಜಪೇಟೆಯವರು ಅಂತ ಬರೆದಿದ್ದೀರಿ, ಹಾಗಾಗಿ ಹಾಕಿ ಮಾತು ಬರಲೇಬೇಕು. 1973ರ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಕೊಡಗಿನ ಎಂ.ಪಿ. ಗಣೇಶ್ ಅವರೇ ಭಾರತದ ಕ್ಯಾಪ್ಟನ್. ನೆದರ್‌ಲ್ಯಾಂಡ್ಸ್ ಜೊತೆ 2-2 ಸಮ ಆಗಿ, ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಸೋತೆವು. ಕಪ್ ಬರಲಿಲ್ಲ ಅಂತ ಕೊಡಗಿನಲ್ಲಿ ಯಾರಾದರೂ ಅವರನ್ನು ಸಣ್ಣ ಆಟಗಾರ ಅಂತಾರಾ? ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ನಡೆಯುವ ಮೈದಾನದಲ್ಲಿ ನಿಂತು ಹಾಗೆ ಹೇಳಿ ನೋಡಿ, ಆಮೇಲೆ ಯಾರೂ ಊಟಕ್ಕೆ ಕರೆಯಲ್ಲ!

ಆದರೆ ಐವರ್ಸನ್ ಕೋಬಿಗಿಂತ ಮೇಲು ಅಂತ ನಿಮ್ಮ ಗೆಳೆಯರು ಹಟ ಹಿಡಿದಿದ್ದಾರಲ್ಲ, ಅದು ಸ್ವಲ್ಪ ಅತಿಯಾಯಿತು.