ಅದು ಉಷ್ಣ ಅಲ್ಲ, ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ

ಪ್ರಶ್ನೆ: ನನಗೆ 29 ವರ್ಷ, ಪಿಸಿಓಡಿ ಇದೆ. ಐವಿಎಫ್‌ಗಾಗಿ ಹನ್ನೊಂದು ದಿನ ಇಂಜೆಕ್ಷನ್, ಆಮೇಲೆ ಅಂಡಾಣು ಮಾಗಿಸಲು ಎಚ್‌ಸಿಜಿ ಹಾರ್ಮೋನಿನ ಕೊನೆಯ ಇಂಜೆಕ್ಷನ್ (ಟ್ರಿಗರ್) ಕೊಟ್ಟರು. 24 ಅಂಡಾಣು ಸಿಕ್ಕಿವೆ. ತೆಗೆದು ನಾಲ್ಕು ದಿನವಾಯಿತು, ಹೊಟ್ಟೆ ಉಬ್ಬಿ ಬಟ್ಟೆ ಬಿಗಿಯುತ್ತಿದೆ. ಅತ್ತೆ ಇಂಜೆಕ್ಷನ್ ಉಷ್ಣ ಅನ್ನುತ್ತಾರೆ. ಓಂಕಾಳು ಕಷಾಯ ಕುಡಿಯುತ್ತಿದ್ದೇನೆ. ಇದು ಗ್ಯಾಸಾ? ಈ ತಿಂಗಳೇ ಭ್ರೂಣ ಹಾಕಿಸಿಕೊಳ್ಳಬಹುದಾ?

ಉತ್ತರ: ಇಂಥ ಪತ್ರ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇದನ್ನು ಬರೆದು ಉತ್ತರಕ್ಕೆ ಕಾಯುತ್ತಾ ಕೂರುತ್ತಾರಾ? ನಾಲ್ಕನೇ ದಿನವೇ ನಿಮ್ಮ ಡಾಕ್ಟರಿಗೆ ಹೇಳಬೇಕಿತ್ತು.

ನಿಮ್ಮ ಹೊಟ್ಟೆಯಲ್ಲಿ ತುಂಬಿರುವುದು ಬಹುತೇಕ ನೀರು. ಎಚ್‌ಸಿಜಿ ದೇಹದಲ್ಲಿ ವಾರಕ್ಕಿಂತ ಜಾಸ್ತಿ ಉಳಿಯುತ್ತದೆ. ಊದಿಕೊಂಡ ಅಂಡಾಶಯಗಳಿಂದ ಅದು ಒಂದು ರಾಸಾಯನಿಕ ಹೊರಡಿಸುತ್ತದೆ. ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರು ಹೊಟ್ಟೆಯೊಳಗೆ ಸೋರುತ್ತದೆ. ಹೊಟ್ಟೆಯಲ್ಲಿ ಕೆರೆ, ರಕ್ತನಾಳದಲ್ಲಿ ಬರ. ರಕ್ತ ಮಂದವಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇದಕ್ಕೆ ಓಎಚ್‌ಎಸ್‌ಎಸ್, ಅಂದರೆ ಇಂಜೆಕ್ಷನ್‌ಗೆ ಅಂಡಾಶಯ ಅತಿಯಾಗಿ ಕೆರಳುವ ಕಾಯಿಲೆ, ಅನ್ನುತ್ತೇವೆ. ಪಿಸಿಓಡಿ ಇರುವವರಿಗೆ, ಚಿಕ್ಕ ವಯಸ್ಸಿನವರಿಗೆ, ಅಂಡಾಣು ಜಾಸ್ತಿ ಬಂದವರಿಗೆ ಇದರ ಅಪಾಯ ಹೆಚ್ಚು. 24 ಅಂತ ನೀವು ಖುಷಿಯಿಂದ ಬರೆದಿದ್ದೀರಿ, ನನಗೆ ಓದುವಾಗಲೇ ದಿಗಿಲಾಯಿತು.

ನಿಮ್ಮದು ಸಣ್ಣ ಪ್ರಮಾಣದ್ದೇ ಇರಬಹುದು. ಹೆಚ್ಚಿನವರಿಗೆ ವಾರ, ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಅದನ್ನು ತೀರ್ಮಾನಿಸುವುದು ಸ್ಕ್ಯಾನ್ ಮತ್ತು ರಕ್ತಪರೀಕ್ಷೆ, ನಾನೂ ಅಲ್ಲ, ನಿಮ್ಮ ಅತ್ತೆಯೂ ಅಲ್ಲ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ತೂಕ ನೋಡಿ. ಒಂದೇ ದಿನದಲ್ಲಿ ಒಂದು ಕಿಲೋ ಏರಿದರೆ, ಮೂತ್ರ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ, ಮೀನಖಂಡ ನೋಯುತ್ತಿದ್ದರೆ ಆಸ್ಪತ್ರೆಗೆ ಹೊರಡಿ. ಕುತ್ತಿಗೆ ನೋವು, ತೋಳಿನ ಬಾವು ಬಂದರೂ ಅಷ್ಟೇ. ಈ ಕಾಯಿಲೆಯಲ್ಲಿ ರಕ್ತ ಅಲ್ಲೂ ಹೆಪ್ಪುಗಟ್ಟುತ್ತದೆ, ಜನ ಅದನ್ನು ದಿಂಬಿನ ತಪ್ಪು ಅಂದುಕೊಳ್ಳುತ್ತಾರೆ. ಒಂದೇ ಕಡೆ ತಟ್ಟನೆ ಜೋರು ನೋವು ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು, ಅದಕ್ಕೂ ಕಾಯಬಾರದು.

ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಬೇಡಿ, ಕಿಡ್ನಿಗೆ ಹೊಡೆತ. ‘ನೀರು ಇಳಿಸುವ ಮಾತ್ರೆ’ ಕೊಡುವ ಮೆಡಿಕಲ್ ಶಾಪಿನವರ ಮಾತು ಕೇಳಲೇಬೇಡಿ. ಇರುವ ನೀರೂ ರಕ್ತದಿಂದ ಹೋಗುತ್ತದೆ. ಎಳನೀರು ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಅದು ಚಿಕಿತ್ಸೆಯಲ್ಲ.

ಹಿಂದೆ ನನ್ನ ಬಳಿ ಬಂದ ಒಬ್ಬರು ರಾತ್ರಿ ಹೊತ್ತು ಡಾಕ್ಟರಿಗೆ ತೊಂದರೆ ಯಾಕೆ ಅಂತ ಬೆಳಗಿನವರೆಗೆ ಗೋಡೆಗೆ ಒರಗಿ ಕೂತಿದ್ದರಂತೆ. ಬಂದಾಗ ಹೊಟ್ಟೆಯಿಂದ ಸೂಜಿ ಹಾಕಿ ನೀರು ತೆಗೆಯಬೇಕಾಯಿತು. ಅಂದಿನಿಂದ ನನ್ನ ರೋಗಿಗಳಿಗೆ ನಂಬರ್ ಕೊಟ್ಟು, ರಾತ್ರಿ ಎರಡಕ್ಕಾದರೂ ಎಬ್ಬಿಸಿ ಅನ್ನುತ್ತೇನೆ.

ಈ ತಿಂಗಳು ಭ್ರೂಣ? ನಾನಾಗಿದ್ದರೆ ಹಾಕುವುದಿಲ್ಲ. ಗರ್ಭ ನಿಂತರೆ ಗರ್ಭವೇ ಎಚ್‌ಸಿಜಿ ಹೊರಡಿಸುತ್ತದೆ, ಇಳಿಯಬೇಕಾದ ಕಾಯಿಲೆ ಏರುತ್ತದೆ. ಎಲ್ಲ ಫ್ರೀಜ್ ಮಾಡಿಸಿ, ಎರಡು ತಿಂಗಳು ಬಿಟ್ಟು ಹಾಕಿಸಿಕೊಳ್ಳಿ. ಹೀಗಂದರೆ ಮನೆಯವರು ಮುಖ ಊದಿಸಿಕೊಳ್ಳುತ್ತಾರೆ, ಊದಿಸಿಕೊಳ್ಳಲಿ. ಮುಂದೆ ಮತ್ತೆ ಇಂಜೆಕ್ಷನ್ ಬೇಕಾದರೆ, ಎಚ್‌ಸಿಜಿ ಬದಲು ಟ್ರಿಪ್ಟೊರೆಲಿನ್ ಅಥವಾ ಲ್ಯೂಪ್ರೊಲೈಡ್ ಟ್ರಿಗರ್ ಆಗುತ್ತದಾ ಅಂತ ಮೊದಲೇ ಕೇಳಿ.

ಪ್ರಶ್ನೆ: ಇಷ್ಟು ಅಂಡಾಣು ತೆಗೆದರೆ ಬೇಗ ಮುಟ್ಟು ನಿಲ್ಲುತ್ತದಾ?

ಉತ್ತರ: ಇಲ್ಲ. ಪ್ರತಿ ತಿಂಗಳೂ ಹಲವು ಬೆಳೆಯಲು ಶುರುವಾಗಿ ಒಂದು ಗೆಲ್ಲುತ್ತದೆ, ಉಳಿದವು ಹೇಗೂ ಸಾಯುತ್ತವೆ. ಇಂಜೆಕ್ಷನ್ ಉಳಿಸುವುದು ಅವನ್ನೇ.

ಪ್ರಶ್ನೆ: ಟ್ರಿಗರ್ ಆಗಿ ಆರನೇ ದಿನ ಮನೆಯಲ್ಲೇ ಟೆಸ್ಟ್ ಮಾಡಿದೆ, ಎರಡು ಗೆರೆ ಬಂತು!

ಉತ್ತರ: ಗೆರೆ ತೋರಿಸಿದ್ದು ನಾವು ಚುಚ್ಚಿದ ಎಚ್‌ಸಿಜಿ. ಹೇಳಿದ ದಿನ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ಇಂಜೆಕ್ಷನ್ ‘ವಿಷ’ ತೆಗೆದು ಗರ್ಭಕೋಶ ತೊಳೆಯುವ ಪುಡಿ ಮಾರುತ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಬೇಡ. ಅದರಲ್ಲೇನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಇಂಜೆಕ್ಷನ್ ಶುರುವಾದ ಮೇಲೆ ಹೆಂಡತಿಗೆ ಸಿಡುಕು ಜಾಸ್ತಿ. ಏನಾದರೂ ಮಾತ್ರೆ ಇದೆಯಾ?

ಉತ್ತರ: ದಿನಾ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡರೆ ನಿಮಗೂ ಬರುತ್ತದೆ ಸ್ವಾಮಿ. ನರ್ಸ್ ಹತ್ತಿರ ಕೂತು ಇಂಜೆಕ್ಷನ್ ಹಾಕುವುದನ್ನು ನೀವೂ ಕಲಿಯಿರಿ. ಅಳು, ನಿದ್ದೆಗೇಡು ವಾರಗಟ್ಟಲೆ ಉಳಿದರೆ ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಬನ್ನಿ.