ಬಸ್ ನಿಲ್ದಾಣದ ನಕ್ಷೆಗೂ ಮುಂಚೆ ಬಸ್ ಎಣಿಸಬೇಕು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬಸ್ ನಿಲ್ದಾಣ, ರಸ್ತೆ, ರೈಲು ಕಾಮಗಾರಿಗಳ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿದ್ದೇವೆ. ಸಾರಿಗೆ ಯೋಜನೆ ಮತ್ತು ಸಿವಿಲ್ ಕೆಲಸ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮೂರಾಗ ಹೊಸ ಬಸ್ ಸ್ಟ್ಯಾಂಡ್ ಆಗ್ಯಾದ್ರಿ. ಕಟ್ಟಡ ಛಂದ ಅದ, ಬಸ್ ನಿಲ್ಲಾಕ 8 ಅಂಕಣ ಅವ. ಆದ್ರ ಸಂಜಿ ಕಾಲೇಜ್ ಬಿಟ್ಟಾಗ ತಾಸಿಗೆ 40 ಬಸ್ ಹೊರಡ್ತಾವ, ಅರ್ಧ ಬಸ್ ಹೊರಗ ರಸ್ತಾದಾಗೇ ನಿಲ್ತಾವ. ತಪ್ಪು ಡ್ರೈವರ್‌ಗಳದೋ, ಕಟ್ಟಿದವರದೋ?
(ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಿಂದ)

ಉತ್ತರ: ಡ್ರೈವರ್‌ಗಳದಂತೂ ಅಲ್ಲ. ಲೆಕ್ಕ ಸಣ್ಣದು. ಒಂದು ತಾಸಿಗೆ ಹೊರಡುವ ಬಸ್ಸುಗಳ ಸಂಖ್ಯೆಯನ್ನು, ಒಂದು ಬಸ್ ಅಂಕಣದಲ್ಲಿ ನಿಲ್ಲುವ ನಿಮಿಷಗಳಿಂದ ಗುಣಿಸಿ 60ರಿಂದ ಭಾಗಿಸಬೇಕು. ಬಸ್ಸೊಂದು 12 ನಿಮಿಷ ನಿಲ್ಲುತ್ತದೆ ಎಂದುಕೊಂಡರೆ 40 × 12 ÷ 60 = 8. ಕಾಗದದ ಮೇಲೆ ಎಂಟಕ್ಕೆ ಎಂಟು ಸರಿಹೋಗುತ್ತದೆ, ನಿಲ್ದಾಣ ಕೆಡುವುದೂ ಅಲ್ಲೇ. ಬಸ್ಸುಗಳು ಒಂದೂವರೆ ನಿಮಿಷಕ್ಕೊಂದರಂತೆ ಪಾಳಿ ಹಚ್ಚಿ ಬರುವುದಿಲ್ಲ. ಮೂರು ಒಟ್ಟಿಗೆ ಬಂದು, ಆಮೇಲೆ ಹತ್ತು ನಿಮಿಷ ಒಂದೂ ಬರದೇ ಇರಬಹುದು. ಆದ್ದರಿಂದ ಅಂಕಣಗಳು ತಾಸಿನ ಶೇ. 70ರಷ್ಟು ಹೊತ್ತು ಮಾತ್ರ ತುಂಬಿರುತ್ತವೆ ಎಂದು ಹಿಡಿಯುವುದು ಒಳ್ಳೆಯದು. 8 ÷ 0.7 ಎಂದರೆ 11.4, ಅಂದರೆ 12 ಅಂಕಣ. ಸೀಟು ತುಂಬುವವರೆಗೆ 20–25 ನಿಮಿಷ ನಿಲ್ಲುವ ಗಾಡಿಗಳಿದ್ದರೆ ಅವುಗಳ ಲೆಕ್ಕವನ್ನು ಬೇರೆಯೇ ಹಾಕಬೇಕು. ಊಟಕ್ಕೆ, ರಾತ್ರಿ ವಸ್ತಿಗೆ ನಿಲ್ಲುವ ಬಸ್ಸುಗಳಿಗೆ ಹಿತ್ತಲ ಕಡೆ ಜಾಗ ಕೊಡಬೇಕು. ಅವು ಅಂಕಣದಲ್ಲೇ ನಿಂತರೆ 12 ಇದ್ದರೂ ಸಾಲದು.

ಎಣಿಕೆ ಯಾವಾಗ ಆಯಿತು ಎಂಬುದನ್ನೂ ಕೇಳಿ. ಶಕ್ತಿ ಯೋಜನೆ ಜಾರಿಗೆ ಬಂದದ್ದು 2023ರ ಜೂನ್ 11ರಂದು. ಅದಕ್ಕೂ ಹಿಂದಿನ ಪ್ರಯಾಣಿಕರ ಲೆಕ್ಕ ಇಟ್ಟುಕೊಂಡು ಇಂದು ನಕ್ಷೆ ಬರೆಯುವುದು ಹಳೆ ಪಂಚಾಂಗ ನೋಡಿ ಮುಹೂರ್ತ ಇಟ್ಟಂತೆ. ಹೆಂಗಸರು ಹೆಚ್ಚಾಗಿ ಬರುವಾಗ ಶೌಚಾಲಯ, ಕೂರುವ ಜಾಗ, ಬಸ್ ಹತ್ತಲು ಹಿಡಿಯುವ ಹೊತ್ತು ಎಲ್ಲದರ ಲೆಕ್ಕವೂ ಬದಲಾಗುತ್ತದೆ. ಒಂದು ಸಂತೆಯ ದಿನ, ಒಂದು ಸಾದಾ ದಿನ, ಗಾಣಗಾಪುರದ ಕಡೆಯ ದಾರಿಯಾದರೆ ಒಂದು ಹುಣ್ಣಿಮೆ ಅಥವಾ ಅಮಾವಾಸ್ಯೆ, ಹೀಗೆ ಮೂರು ದಿನ ಗಡಿಯಾರ ಹಿಡಿದು ಕೂತರೆ ಸಾಕು. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ಗದ್ದಲಕ್ಕೆ ತಕ್ಕಂತೆ ಮಾತ್ರ ಕಾಯಂ ಅಂಕಣ ಕಟ್ಟಬಾರದು. ಅದಕ್ಕೆ ದೀಪ, ನೀರು ಇರುವ ಬಯಲೊಂದನ್ನು ತಾತ್ಕಾಲಿಕವಾಗಿ ಗೊತ್ತು ಮಾಡಿದರೆ ಆಯಿತು.

ಅಳತೆಗಳ ವಿಷಯಕ್ಕೆ ಬಂದರೆ, ಬಸ್ಸಿನ ಉದ್ದ 12 ಮೀಟರ್, ಅಗಲ 2.6 ಮೀಟರ್ ಎಂದು ಹಿಡಿಯಿರಿ. ನೇರ ಮೂತಿ ಇಟ್ಟು ನಿಲ್ಲಿಸುವ ಅಂಕಣಕ್ಕೆ 4ರಿಂದ 4.5 ಮೀಟರ್ ಅಗಲ, ಬಸ್ಸಿನ ಹಿಂದೆ ರಿವರ್ಸ್ ತೆಗೆಯಲು 18–20 ಮೀಟರ್ ಬಯಲು ಬೇಕು. ಈ ಬಯಲಿನಲ್ಲೇ ಕ್ಯಾಂಟೀನ್, ಪಾರ್ಕಿಂಗ್ ನುಗ್ಗಿಸಿದ ನಿಲ್ದಾಣಗಳಲ್ಲಿ ಡ್ರೈವರ್ ಒಳಗೆ ಬರಲು ಒಲ್ಲೆ ಎನ್ನುತ್ತಾನೆ. ಇನ್ನೊಂದು ಸಾಮಾನ್ಯ ತಪ್ಪು ಚಕ್ರ ತಡೆಯುವ ದಿಂಡನ್ನು ಪ್ಲಾಟ್‌ಫಾರ್ಮಿನ ಅಂಚಿಗೇ ಕೂರಿಸುವುದು. ಬಸ್ಸಿನ ಮೂತಿ ಮುಂಚಕ್ರದಿಂದ ಸುಮಾರು 2.5 ಮೀಟರ್ ಮುಂದೆ ಚಾಚಿರುತ್ತದೆ. ಆದ್ದರಿಂದ ದಿಂಡು ಅಂಚಿನಿಂದ 3 ಮೀಟರ್ ಹಿಂದಿರಬೇಕು. ಇಲ್ಲವಾದರೆ ಬಂಪರ್ ಪ್ಲಾಟ್‌ಫಾರ್ಮಿಗೆ ಬಡಿದು ಶಹಾಬಾದಿ ಪರಸಿ ಪುಡಿಯಾಗುತ್ತದೆ, ಇಲ್ಲವೇ ಕಾಯುತ್ತ ನಿಂತವರ ಮೊಣಕಾಲಿಗೆ ಬರುತ್ತದೆ.

ಟೆಂಡರ್ ಕರೆಯುವ ಮುಂಚೆ ಅರ್ಧ ದಿನದ ಒಂದು ಪರೀಕ್ಷೆ ಮಾಡಬೇಕು. ಬಯಲಿನಲ್ಲಿ ಸುಣ್ಣದಿಂದ ಅಂಕಣ, ಗೇಟು, ತಿರುವು ಎಳೆದು, ಪಳಗಿದ ಡ್ರೈವರೊಬ್ಬರಿಂದ ಬಸ್ ತಿರುಗಿಸಿ ನೋಡಬೇಕು. ಸಂಚಾರ ಅಧಿಕಾರಿ, ಡಿಪೊ ಮ್ಯಾನೇಜರ್, ಸಿವಿಲ್ ಎಂಜಿನಿಯರ್ ಮೂವರೂ ಅಲ್ಲೇ ನಿಂತು ಒಂದೇ ನಕ್ಷೆಗೆ ಸಹಿ ಹಾಕಬೇಕು. ಬೇರೆ ಬೇರೆ ಮೇಜಿನ ಮೇಲೆ ಬೇರೆ ಬೇರೆ ತಿಂಗಳಲ್ಲಿ ಬಿದ್ದ ಮೂರು ಸಹಿಗಳಿಂದ ಈ ಕೆಲಸ ಆಗುವುದಿಲ್ಲ.

ಪ್ರಶ್ನೆ: ಊರ ಹೊರಗಿನ ಹೊಸ ಕಾಂಕ್ರೀಟ್ ಅಂಗಳ ಒಂದೇ ಮಳೆಗಾಲಕ್ಕೆ ಉಬ್ಬಿ ಸೀಳಿದೆ. ಬೀದರ್ ಊರೊಳಗಿನ ಹಳೇ ಅಂಗಳಗಳಿಗೆ ಏನೂ ಆಗಿಲ್ಲ. ಸಿಮೆಂಟ್ ಕಳಪೆ ಇರಬಹುದೇ?
(ಬೀದರ್)

ಉತ್ತರ: ಸಿಮೆಂಟಿನ ಮೇಲೆ ಗೂಬೆ ಕೂರಿಸುವ ಮುಂಚೆ ನೆಲ ನೋಡಿ. ಬೀದರ್ ಪಟ್ಟಣ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಇಳಿಜಾರು ದಾಟಿದರೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬ್ಯಾಸಗಿಯಲ್ಲಿ ಬಾಯಿ ಬಿಡುತ್ತದೆ. ಭಾರ ತಾಳುವ ಶಕ್ತಿ, ಅಂದರೆ ಸಿಬಿಆರ್, ನೆನೆದಾಗ ಶೇ. 2–3ಕ್ಕೆ ಇಳಿಯುವುದುಂಟು. ಪ್ರಯೋಗಾಲಯದಲ್ಲಿ ಉಬ್ಬುವ ಪ್ರಮಾಣ ಶೇ. 50 ದಾಟಿತೆಂದರೆ ಅದರ ಮೇಲೆ ನೇರ ಕಾಂಕ್ರೀಟ್ ಹಾಕಲೇಬಾರದು. ಮೇಲಿನ ಮಣ್ಣು ತೆಗೆದು 0.6ರಿಂದ 1 ಮೀಟರ್ ದಪ್ಪ ಉಬ್ಬದ ಮೊರಂ (ಗರಸು ಮಣ್ಣು) ತುಂಬಿ, 200 ಮಿ.ಮೀ. ಪದರಗಳಲ್ಲಿ ರೋಲರ್ ಓಡಿಸಬೇಕು. ಒಳ್ಳೆ ಮೊರಂ ದೂರವಾದರೆ ಎರಿ ಮಣ್ಣಿಗೇ ಶೇ. 3–5 ಸುಣ್ಣ ಬೆರೆಸುವ ದಾರಿಯೂ ಇದೆ. ಅದರ ಮೇಲೆ ಸಿಮೆಂಟ್, ನೀರು ಕಡಿಮೆ ಇರುವ 150 ಮಿ.ಮೀ. ಒಣ ಕಾಂಕ್ರೀಟ್, ಪ್ಲಾಸ್ಟಿಕ್ ಹಾಳೆ, ಆಮೇಲೆ 250–300 ಮಿ.ಮೀ. ಎಂ-40 ದರ್ಜೆಯ ಗಟ್ಟಿ ಕಾಂಕ್ರೀಟ್. ಡಾಂಬರು ಯಾಕೆ ಬೇಡ ಎಂದರೆ, ಸೋರುವ ಡೀಸೆಲ್ ಅದನ್ನು ಕರಗಿಸುತ್ತದೆ, ನಿಂತ ಬಸ್ಸಿನ ಭಾರಕ್ಕೆ ತಗ್ಗೂ ಬೀಳುತ್ತದೆ.

ಸೀಳು ನೋಡಿ ಕಾರಣ ಹೇಳಬಹುದು. ಅಂಚಿನುದ್ದಕ್ಕೂ ಸೀಳಿ ಒಂದು ಬದಿ ಎದ್ದಿದ್ದರೆ ಅದು ಮಣ್ಣಿನ ಕೆಲಸ. ಹೆಚ್ಚಾಗಿ ಅಲ್ಲಿ ಚರಂಡಿ ಸೋರುತ್ತಿರುತ್ತದೆ, ಇಲ್ಲವೇ ಗಾಡಿ ತೊಳೆಯುವ ನೀರು ನಿಲ್ಲುತ್ತಿರುತ್ತದೆ. ಎರಡು ಜಾಯಿಂಟ್‌ಗಳ ನಟ್ಟನಡುವೆ ಅಡ್ಡಡ್ಡ ಸೀಳಿದ್ದರೆ ಜಾಯಿಂಟ್ ಕೊಯ್ಯಲು ತಡ ಮಾಡಿದ್ದಾರೆ. ಸುಮಾರು 4.5 ಮೀಟರಿಗೊಂದು ಗೆರೆಯನ್ನು ದಪ್ಪದ ಕಾಲು ಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಕೊಯ್ಯಬೇಕು. ಮೇ ತಿಂಗಳ ನಮ್ಮ ಕಡೆಯ ಬಿಸಿಲಿಗೆ ಮುಂಜಾನೆ ಹಾಕಿದ್ದನ್ನು ಅದೇ ಸಂಜೆ ಕೊಯ್ಯಬೇಕು. ನಾಳೆ ನೋಡೋಣ ಅಂದರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ತಾನೇ ಸೀಳಿಕೊಳ್ಳುತ್ತದೆ.

ಇಲ್ಲಿ ಯೋಜನೆಯವರ ಪಾಲೂ ಇದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಳ್ಳದ ದಂಡೆಯ ಎರಿ ಹೊಲ ಆರಿಸುತ್ತಾರೆ. ಮಣ್ಣಿನ ಪರೀಕ್ಷೆ ಮಾಡಿಸುವುದು ಜಾಗ ಕೈಗೆ ಬಂದ ಮೇಲೆ. ಒಂದು ಎಕರೆಗೆ 0.8 ಮೀಟರ್ ಮೊರಂ ಎಂದರೆ 3,200 ಘನ ಮೀಟರ್ ಮೀರುತ್ತದೆ. ಅಗ್ಗದ ಜಾಗದಲ್ಲಿ ಉಳಿದ ದುಡ್ಡು ಅಲ್ಲೇ ಖರ್ಚಾಗುತ್ತದೆ. ಎರಡು-ಮೂರು ಜಾಗಗಳನ್ನು ಹೋಲಿಸುವ ಹಂತದಲ್ಲೇ ಪ್ರತಿ ಜಾಗದಲ್ಲಿ ಗುಂಡಿ ತೆಗೆದು ನೋಡಬೇಕು.

ಪ್ರಶ್ನೆ: ಬಸ್ ಓಡಾಡುವ ರಸ್ತೆಗೆ ಡಾಂಬರು ಹಾಕಿದ ಮೂರನೇ ತಿಂಗಳಿಗೆ ನೀರಿನ ಪೈಪಿಗೆಂದು ಅಗೆಯುತ್ತಾರೆ. ಇದಕ್ಕೆ ಮದ್ದಿಲ್ಲವೇ?
(ಯಾದಗಿರಿ)

ಉತ್ತರ: ಇದೆ. ಆಳದ್ದು ಮೊದಲು, ಮೇಲಿನದು ಆಮೇಲೆ. ಒಳಚರಂಡಿ, ಮಳೆನೀರಿನ ಕಾಲುವೆ, ಕುಡಿಯುವ ನೀರು, ಕೇಬಲ್, ಕೊನೆಗೆ ರಸ್ತೆ. ರಸ್ತೆಯ ಅಂದಾಜು ಪಟ್ಟಿಯಲ್ಲೇ ಇವುಗಳ ದುಡ್ಡು ಸೇರಿರಬೇಕು. ವಿದ್ಯುತ್ ಕಂಪನಿ ಜೆಸ್ಕಾಂನ ಕಂಬ ಸರಿಸಲು ಅಂದಾಜು, ಹಣ ಕಟ್ಟುವುದು, ಲೈನ್ ಬಂದ್ ಮಾಡುವ ಒಪ್ಪಿಗೆ ಎಲ್ಲಕ್ಕೂ ತಿಂಗಳುಗಳೇ ಹಿಡಿಯುತ್ತವೆ. ಗುತ್ತಿಗೆದಾರ ಬಂದ ಮೇಲೆ ಅರ್ಜಿ ಹಾಕಿದರೆ ಕಂಬವನ್ನು ನಡುವೆ ಬಿಟ್ಟೇ ರಸ್ತೆ ಮುಗಿಯುತ್ತದೆ. ಹಳೆ ನಕ್ಷೆಯಲ್ಲಿ ಪೈಪ್ ಎಡಕ್ಕಿದ್ದರೆ ನೆಲದಲ್ಲಿ ಬಲಕ್ಕೆ ಸಿಗುವುದು ಹೊಸದೇನಲ್ಲ, ಆದ್ದರಿಂದ ಯಂತ್ರ ಇಳಿಸುವ ಮುಂಚೆ ಕೈಯಿಂದ 1.5 ಮೀಟರ್ ಆಳದ ಗುಂಡಿ ತೆಗೆದು ನೋಡಬೇಕು. ಸುಮಾರು 100 ಮೀಟರಿಗೊಂದು ಕಡೆ ರಸ್ತೆಯಡಿ ಖಾಲಿ ಪಿವಿಸಿ ಕೊಳವೆ ಅಡ್ಡ ಹಾಕಿ ಬಾಯಿ ಮುಚ್ಚಿಟ್ಟರೆ, ಮುಂದೆ ಕೇಬಲ್ ಎಳೆಯುವವರು ಡಾಂಬರು ಮುಟ್ಟಬೇಕಿಲ್ಲ. ಅನಿವಾರ್ಯವಾಗಿ ಅಗೆದರೂ ಅದೇ ಎರಿ ಮಣ್ಣನ್ನು ವಾಪಸ್ ತುಂಬಬಾರದು, ಮೊರಂ ತುಂಬಿ ಪದರ ಪದರವಾಗಿ ಧಮ್ಮಸ್ ಮಾಡಿಸಬೇಕು. ಇನ್ನೊಂದು ಮಾತು: ರಸ್ತೆ ಎತ್ತರಿಸಿದಾಗ ತಲೆ ಮೇಲಿನ ತಂತಿಯನ್ನು ಮರೆಯುತ್ತಾರೆ. ರಸ್ತೆ ದಾಟುವ 11 ಕೆ.ವಿ. ತಂತಿ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕು.

ಪ್ರಶ್ನೆ: ಬಸ್ ಸ್ಟಾಪ್ ಚೌಕಕ್ಕಿಂತ ಮುಂಚೆ ಇರಬೇಕೋ, ದಾಟಿದ ಮೇಲೋ?
(ಹುಮನಾಬಾದ್)

ಉತ್ತರ: ಸಾಮಾನ್ಯವಾಗಿ ದಾಟಿದ ಮೇಲೆ. ಮುಂಚೆ ನಿಂತರೆ ಎಡಕ್ಕೆ ತಿರುಗುವ ಗಾಡಿಗಳಿಗೆ ಅಡ್ಡ, ಬಸ್ಸಿನ ಮುಂದಿನಿಂದ ರಸ್ತೆ ದಾಟುವವರು ಯಾರಿಗೂ ಕಾಣುವುದಿಲ್ಲ. ಒಂದು ಬಸ್ಸಿಗೆ 15 ಮೀಟರ್ ಉದ್ದದ ಜಾಗ ಬಿಟ್ಟು, ಒಳಬರಲು ಹೊರಹೋಗಲು ಎರಡೂ ಕಡೆ ಓರೆ ಕೊಡಬೇಕು. ಓರೆ ಗಿಡ್ಡವಾದರೆ ಬಸ್ಸಿನ ಬಾಲ ರಸ್ತೆಯಲ್ಲೇ ಉಳಿಯುತ್ತದೆ.

ಪ್ರಶ್ನೆ: ಬೀದರ್–ಕಲಬುರಗಿ ರೈಲು ಮಾರ್ಗಕ್ಕೆ ಅಷ್ಟು ವರ್ಷ ಯಾಕೆ ಹಿಡಿಯಿತು? ಹಳಿಯ ಕೆಳಗಿನ ಸೇತುವೆಗಳಲ್ಲಿ ಬಸ್ ಸಿಕ್ಕಿಹಾಕಿಕೊಳ್ಳುವುದು ಯಾಕೆ?
(ಕಮಲಾಪುರ)

ಉತ್ತರ: 1990ರ ದಶಕದಲ್ಲಿ ಮಂಜೂರಾದ ಸುಮಾರು 110 ಕಿ.ಮೀ. ಮಾರ್ಗ ಪೂರ್ತಿ ತೆರೆದದ್ದು 2017ರ ಅಕ್ಟೋಬರ್ 29ರಂದು. ನಿಮ್ಮ ಭಾಗದ ಗುಡ್ಡ, ಮರಗುತ್ತಿಯ ಸುರಂಗ ಎಲ್ಲರ ಕಣ್ಣಿಗೆ ಬೀಳುತ್ತವೆ. ಆದರೆ ಯಾವುದೇ ಹೊಸ ಮಾರ್ಗದಲ್ಲಿ ಕಾಣದ ತೊಡಕು ಬೇರೆ. ಹಳಿ, ಜಲ್ಲಿಕಲ್ಲು ಸಾಗುವುದು ಈಗಾಗಲೇ ಹಾಸಿದ ಹಳಿಯ ಮೇಲೇ. ನಡುವೆ 200 ಮೀಟರ್ ಹೊಲ ಕೈಗೆ ಬರದಿದ್ದರೆ ಮುಂದಿನ 20 ಕಿ.ಮೀ. ಮಣ್ಣಿನ ಏರಿ ಮಳೆಗೆ ಕೊರೆದುಕೊಂಡು ಕಾಯುತ್ತದೆ. ಅಂತಿಮ ಸರ್ವೆಯ ಗೂಟ ಹೊಡೆಯುವ ದಿನವೇ ಕಂದಾಯ, ಭೂಮಾಪನ, ರೈಲ್ವೆಯವರು ಸೇರಿ ಜಂಟಿ ಅಳತೆ ಮಾಡಬೇಕು. ಆಮೇಲೆ ತಿರುವನ್ನು ಹತ್ತು ಮೀಟರ್ ಸರಿಸಿದರೂ ಸರ್ವೆ ನಂಬರ್ ಬದಲಾಗಿ ಅಧಿಸೂಚನೆ ಮತ್ತೆ ಮೊದಲಿನಿಂದ ಹೊರಡಿಸಬೇಕಾಗುತ್ತದೆ.

ಕೆಳಸೇತುವೆಯದೂ ಇದೇ ಕತೆ. ಏರಿಯ ಎತ್ತರ ನಿರ್ಧರಿಸುವಾಗ ಆ ದಾರಿಯಲ್ಲಿ ಬಸ್ ಓಡುತ್ತದೆಯೇ ಎಂದು ಡಿಪೊಗೆ ಯಾರೂ ಕೇಳಿರುವುದಿಲ್ಲ. ನಿಯಮದ ಪ್ರಕಾರ ಒಂದೇ ಅಂತಸ್ತಿನ ಬಸ್ಸಿನ ಎತ್ತರ 3.8 ಮೀಟರ್‌ವರೆಗೂ ಇರಬಹುದು. ಟ್ರ್ಯಾಕ್ಟರ್, ಜೀಪು ಸಾಕೆಂದು 3.6 ಮೀಟರ್ ಬಿಟ್ಟ ಕಡೆ ಅಷ್ಟು ಎತ್ತರದ ಬಸ್ ಸುತ್ತು ಹಾಕಲೇಬೇಕು. ಪ್ರತಿ ಸಲ ಕೆಳಗಿನ ರಸ್ತೆಗೆ ಹೊಸ ಪದರ ಹಾಕಿದಾಗ ಇದ್ದ ಎತ್ತರವೂ 50–75 ಮಿ.ಮೀ. ಕಡಿಮೆಯಾಗುತ್ತದೆ, ಹೊರಗಿನ ಫಲಕದಲ್ಲಿ ಮಾತ್ರ ಹಳೆ ಅಂಕಿಯೇ ಇರುತ್ತದೆ. ಪದರ ಹಾಕಿದ ದಿನವೇ ಟೇಪು ಹಿಡಿದು ಅಳೆದು ಫಲಕ ತಿದ್ದಿಸಿ.