ಚಿತ್ರ ಬರೆಯುವುದೂ ಕೆಲಸವೇ ಸ್ವಾಮಿ

ಶಿಡ್ಲಘಟ್ಟದ ಓದುಗರೊಬ್ಬರ ಪತ್ರ: "ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆತನ. ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ, ಮಾರ್ಕ್ಸೂ ಚೆನ್ನಾಗಿದೆ. ಈಗ ಇಂಜಿನಿಯರಿಂಗ್ ಬೇಡ, ಕಾಮಿಕ್ಸ್ ಬರೀತೀನಿ, ಅನಿಮೇಷನ್‌ನಲ್ಲಿ ಸ್ಟೋರಿಬೋರ್ಡ್ ಆರ್ಟಿಸ್ಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಅದೇನಮ್ಮ ಅಂದರೆ, ಸಿನಿಮಾ ಮಾಡೋಕೆ ಮುಂಚೆ ಬರೆಯೋ ಚಿತ್ರ, ಆಮೇಲೆ ಅದನ್ನ ಯಾರೂ ನೋಡಲ್ಲ ಅಂತಾಳೆ. ಯಾರೂ ನೋಡದ ಚಿತ್ರಕ್ಕೆ ಸಂಬಳ ಯಾರು ಕೊಡ್ತಾರೆ? ಈಗಂತೂ ಕಂಪ್ಯೂಟರೇ ಚಿತ್ರ ಬರೆಯುತ್ತೆ. ದಯವಿಟ್ಟು ಮಕ್ಕಳಿಗೆ ಇಂಥದ್ದಕ್ಕೆಲ್ಲ ಕುಮ್ಮಕ್ಕು ಕೊಡಬೇಡಿ."

ಸಂಪಾದಕರ ಉತ್ತರ:

ಕುಮ್ಮಕ್ಕು ಖಂಡಿತ ಕೊಡ್ತೀನಿ ಸ್ವಾಮಿ. ಬೇಜಾರು ಮಾಡಿಕೊಳ್ಳದೆ ಪೂರ್ತಿ ಓದಿ.

ನಿಮ್ಮ ಭಯ ಸುಳ್ಳೇನಲ್ಲ. ಈ ಕೆಲಸ ಹೆಚ್ಚಾಗಿ ಪ್ರಾಜೆಕ್ಟ್ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಮುಗಿದು ಇನ್ನೊಂದು ಸಿಗುವವರೆಗೆ ಕೈ ಖಾಲಿ. ಶುರುವಿನಲ್ಲಿ ಸಂಬಳವೂ ಕಮ್ಮಿ. ಇಷ್ಟು ಒಪ್ಪಿದೆ.

ಆದರೆ 'ಯಾರೂ ನೋಡದ ಚಿತ್ರ' ಅನ್ನೋ ಮಾತು ಮಾತ್ರ ನಿಮ್ಮ ಬಾಯಿಂದ ಬರಬಾರದಿತ್ತು. ಮದುವೆ ಮನೆಯಲ್ಲಿ ರೇಷ್ಮೆ ಸೀರೆ ಹೊಗಳುವವರು, ಇದರ ನೂಲು ಬಿಚ್ಚಿದವರು ಯಾರು ಅಂತ ಯಾವತ್ತಾದರೂ ಕೇಳಿದ್ದಾರಾ? ನಿಮ್ಮ ಮನೆಯವರು ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕದಿದ್ದರೆ ಆ ಸೀರೆ ಎಲ್ಲಿರುತ್ತಿತ್ತು? ನಿಮ್ಮ ಮಗಳು ಕೇಳುತ್ತಿರುವುದೂ ಅದೇ ಜಾತಿಯ ಕೆಲಸ.

ಅನಿಮೇಷನ್‌ನಲ್ಲಿ ಒಂದು ಸೆಕೆಂಡ್ ಓಡಬೇಕಾದರೆ 24 ಫ್ರೇಮ್, ಅಂದರೆ 24 ಬಿಡಿ ಚೌಕಟ್ಟು ಬೇಕು. ಎಲ್ಲ ಬರೆದು, ಬಣ್ಣ ತುಂಬಿದ ಮೇಲೆ 'ಈ ಸೀನ್ ಬೇಡ' ಅಂದರೆ ಹಣವೂ ಹೋಯಿತು, ಜನರ ತಿಂಗಳುಗಟ್ಟಲೆ ಶ್ರಮವೂ ಹೋಯಿತು. ಅದಕ್ಕೇ 1930ರ ದಶಕದ ಶುರುವಿನಲ್ಲಿ ಡಿಸ್ನಿ ಸ್ಟುಡಿಯೋದವರು ಕಥೆಯನ್ನು ಸಣ್ಣ ಸಣ್ಣ ಚಿತ್ರ ಮಾಡಿ, ಬೋರ್ಡಿಗೆ ಪಿನ್ನು ಚುಚ್ಚಿ, ಮೊದಲೇ ನೋಡಿಕೊಳ್ಳಲು ಶುರು ಮಾಡಿದರು. ಇವತ್ತಿಗೂ ಕೆಲಸ ಅದೇ. ಕಥೆ ಕೈಗೆ ಬಂದ ಕೂಡಲೇ ಮೊದಲು ಪುಟಾಣಿ ಚಿತ್ರಗಳು, ಆಮೇಲೆ ರಫ್, ನಿರ್ದೇಶಕರು ತಿದ್ದಿದ ಮೇಲೆ ಕ್ಲೀನ್. ಅವನ್ನೆಲ್ಲ ಮಾತಿನ ಜೊತೆ ಟೈಮಿಗೆ ಕೂರಿಸಿದರೆ ಅನಿಮ್ಯಾಟಿಕ್. ಹತ್ತು ಹನ್ನೊಂದು ನಿಮಿಷದ ಒಂದು ಕಾರ್ಟೂನ್ ಕಂತಿಗೂ ಹೀಗೆ ನೂರಾರು ಚಿತ್ರ ಬರೆಯಬೇಕು.

ಇನ್ನು ಕಂಪ್ಯೂಟರಿನ ವಿಷಯ. ನಿಮ್ಮ ಊರಿನ ರೇಷ್ಮೆ ಗೂಡಿನ ಮಾರ್ಕೆಟ್ಟನ್ನೇ ತಗೊಳ್ಳಿ. ರೈತ ರೇಟಿಗೆ ಕಾಯುತ್ತಿದ್ದಾನೆ. ಮೊದಲು ಗೂಡಿನ ರಾಶಿ ತೋರಿಸಿದಿರಿ, ಆಮೇಲೆ ಅವನ ಕೈ, ಆಮೇಲೆ ರೇಟು, ಕೊನೆಗೆ ಮುಖ. ಇಲ್ಲಿ ಮುಖಕ್ಕಿಂತ ಮೊದಲು ರೇಟು ಕಂಡಿತು, ಈಗ ಮುಖ ಹೇಗಾಗುತ್ತದೋ ಅಂತ ನಾವು ಕಾಯುತ್ತೇವೆ. ಮುಖ ಮೊದಲು ತೋರಿಸಿದರೆ ಏನಾಯಿತೋ ಅಂತ ಗಾಬರಿಯಾಗುತ್ತೇವೆ. ಅದೇ ಚಿತ್ರಗಳು, ಕಥೆ ಬೇರೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ತೀರ್ಮಾನ ಮಾಡೋದೇ ಸ್ಟೋರಿಬೋರ್ಡ್ ಆರ್ಟಿಸ್ಟಿನ ನಿಜವಾದ ಕೆಲಸ. ಎಐ ಅಂದವಾದ ಚಿತ್ರ ಕೊಡಬಹುದು. ಆ ರೈತನ ಪಕ್ಕದಲ್ಲಿ ನಿಂತು ಬೆಳೆದ ಹುಡುಗಿಗೆ ಗೊತ್ತಿರುವುದು ಅದಕ್ಕೆ ಗೊತ್ತಿಲ್ಲ.

ಕಾಮಿಕ್ಸ್ ಈ ಸ್ಟೋರಿಬೋರ್ಡಿನ ಅಕ್ಕ ಇದ್ದ ಹಾಗೆ ಕಂಡರೂ ಸ್ವಭಾವ ಬೇರೆ. ಸಿನಿಮಾದ ಚೌಕಟ್ಟು ಒಂದೇ ಅಳತೆ, ಕಾಮಿಕ್ಸಿನಲ್ಲಿ ಅದನ್ನು ಉದ್ದ ಅಡ್ಡ ಎಳೆಯಬಹುದು, ಇಡೀ ಪುಟ ಮಾಡಬಹುದು. ಸಿನಿಮಾದಲ್ಲಿ ವೇಗ ನಿರ್ದೇಶಕರ ಕೈಯಲ್ಲಿ, ಕಾಮಿಕ್ಸಿನಲ್ಲಿ ಪುಟ ಮಗುಚುವವರ ಕೈಯಲ್ಲಿ. ಎರಡೂ ಬಲ್ಲವರಿಗೆ ಒಂದು ಕಡೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ದಾರಿ ಇರುತ್ತದೆ.

ಅಮೆರಿಕದ ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ ಹೀಗೇ ಬದುಕಿದವರು. 1917ರಲ್ಲಿ ನ್ಯೂಯಾರ್ಕಿನ ಬಡ ಮನೆಯಲ್ಲಿ ಹುಟ್ಟಿದರು. ಅಪ್ಪ ಬಟ್ಟೆ ಫ್ಯಾಕ್ಟರಿ ಕೆಲಸಗಾರ. ಹುಡುಗ ಮೊದಲು ಸೇರಿದ್ದು ಕಾರ್ಟೂನ್ ಸ್ಟುಡಿಯೋಗೆ. ಇದೂ ಅಪ್ಪನ ಫ್ಯಾಕ್ಟರಿಯ ಹಾಗೇ ಇದೆ ಅನ್ನಿಸಿ ಬಿಟ್ಟು, ಕಾಮಿಕ್ಸಿಗೆ ಬಂದರು. ಜೋ ಸೈಮನ್ ಜೊತೆ ಕ್ಯಾಪ್ಟನ್ ಅಮೆರಿಕ, 1961ರಲ್ಲಿ ಸ್ಟ್ಯಾನ್ ಲೀ ಜೊತೆ ಫೆಂಟಾಸ್ಟಿಕ್ ಫೋರ್ ಅನ್ನೋ ಸೂಪರ್‌ಹೀರೋ ಕಾಮಿಕ್ಸ್ ಹುಟ್ಟುಹಾಕಿದರು. ಇಷ್ಟು ಮಾಡಿದವರಿಗೂ ತಾವೇ ಬರೆದ ಹಾಳೆ ವಾಪಸ್ ಪಡೆಯಲು ಪ್ರಕಾಶಕರ ಜೊತೆ ಜಗಳ ಆಡಬೇಕಾಯಿತು. ಅರವತ್ತರ ಹೊಸಿಲಲ್ಲಿ ಅವರು ಮತ್ತೆ ಅನಿಮೇಷನ್‌ಗೆ ಬಂದರು, ಸ್ಟೋರಿಬೋರ್ಡ್ ಬರೆದರು, ಪಾತ್ರ ರೂಪಿಸಿದರು. ಒಳ್ಳೆ ಸಂಬಳ, ಆರೋಗ್ಯ ವಿಮೆ ಸಿಕ್ಕಿದ್ದು ಅಲ್ಲಿ. ನೀವು ಭಯ ಪಡುವ ಕೆಲಸವೇ ಅವರ ಮುಪ್ಪಿಗೆ ಆಸರೆಯಾಯಿತು.

ಅಮೆರಿಕ ದೂರ ಅಂತೀರಾ? ಸಿನಿಮಾ ನಿರ್ದೇಶಕ ಸತ್ಯಜಿತ್ ರಾಯ್ ಮೊದಲು ಜಾಹೀರಾತು ಕಂಪನಿಯ ಕಲಾವಿದರು. 'ಪಥೇರ್ ಪಾಂಚಾಲಿ'ಗೆ ಅವರು ಬರೆದಿಟ್ಟುಕೊಂಡಿದ್ದು ಚಿತ್ರಗಳ ಪುಸ್ತಕ. ನಿರ್ಮಾಪಕರಿಗೆ ಅದನ್ನೇ ತೋರಿಸುತ್ತಿದ್ದರು. 1967ರಲ್ಲಿ 'ಅಮರ ಚಿತ್ರ ಕಥಾ' ಕಾಮಿಕ್ಸ್ ಮಾಲೆ ಕಟ್ಟಿದ ಅನಂತ ಪೈ ನಮ್ಮ ಕಾರ್ಕಳದವರು. ಇನ್ನೂ ಹತ್ತಿರ ಬೇಕಾ? ಮಗಳನ್ನು ಒಂದು ಭಾನುವಾರ ಲೇಪಾಕ್ಷಿಗೆ ಕರೆದುಕೊಂಡು ಹೋಗಿ. ಗೌರಿಬಿದನೂರು, ಹಿಂದೂಪುರ ದಾಟಿದರೆ ಬಂತು. ವೀರಭದ್ರ ಗುಡಿಯ ಮಂಟಪದಲ್ಲಿ ತಲೆಯೆತ್ತಿ ನೋಡಿ. ಅರ್ಜುನನ ತಪಸ್ಸು, ಕಿರಾತನ ವೇಷದ ಶಿವ, ಹಂದಿ, ಕಾಳಗ. ಕಥೆ ಒಂದಾದ ಮೇಲೊಂದು ಚಿತ್ರವಾಗಿ ಸಾಗುತ್ತದೆ. 16ನೇ ಶತಮಾನದ ಕೆಲಸ ಅದು. ಬರೆದವರ ಹೆಸರು ಹೇಳುವವರು ಯಾರೂ ಇಲ್ಲ.

ನನ್ನ ಹೊಟ್ಟೆಯುರಿ ಇರುವುದೇ ಇಲ್ಲಿ. ಚಿತ್ರ ಬರೆಯುವವರ ಹೆಸರು ಹೇಳುವ ಅಭ್ಯಾಸವೇ ನಮಗಿಲ್ಲ. ಕಥೆಗಾರರ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತದೆ, ಚಿತ್ರ ಬರೆದವರ ಹೆಸರು ಎಷ್ಟೋ ಕಡೆ ಇರುವುದೇ ಇಲ್ಲ. ದುಡ್ಡು ಕೊಡಲು ತಿಂಗಳುಗಟ್ಟಲೆ ಅಲೆದಾಡಿಸುತ್ತಾರೆ. ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ 'ಕೊರವಂಜಿ'ಯಲ್ಲಿ, ಮುಂದೆ ದೊಡ್ಡ ವ್ಯಂಗ್ಯಚಿತ್ರಕಾರರಾದ ಆರ್.ಕೆ. ಲಕ್ಷ್ಮಣ್ ಹುಡುಗರಾಗಿದ್ದಾಗ ಚಿತ್ರ ಬರೆಯುತ್ತಿದ್ದರು. ಕನ್ನಡದ ಪತ್ರಿಕೆಗಳು ಹಾಗೆ ಕಲಾವಿದರನ್ನು ಬೆಳೆಸುತ್ತಿದ್ದವು. ಈಗ ಸುಮ್ನೆ ಇಂಟರ್ನೆಟ್ಟಿನಿಂದ ಒಂದು ಚಿತ್ರ ಎತ್ತಿ ಅಂಟಿಸುತ್ತಾರೆ. ಊರೂರಿನಲ್ಲಿ ಬೋರ್ಡ್ ಬರೆಯುತ್ತಿದ್ದವರು ಫ್ಲೆಕ್ಸ್ ಬಂದ ಮೇಲೆ ಬ್ರಷ್ ಕೆಳಗಿಟ್ಟರು. ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರು ರಿಟೈರ್ ಆದರೆ ಆ ಜಾಗ ತುಂಬುವುದೇ ಅಪರೂಪ. ಇದ್ದರೂ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಅವರ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುತ್ತಾರೆ. ನಾನು ಓದಿದ ಶಾಲೆಯಲ್ಲೂ ಹಾಗೇ ಆಗುತ್ತಿತ್ತು. ಅನಿಮೇಷನ್, ಗೇಮಿಂಗ್‌ಗೆ ಅಂತ ದೇಶದಲ್ಲೇ ಮೊದಲು ಸರ್ಕಾರಿ ನೀತಿ ಮಾಡಿದ ರಾಜ್ಯ ನಮ್ಮದು, 2012ರಲ್ಲಿ. 2024ರಲ್ಲಿ ಹೊಸದೂ ಬಂತು. ಸ್ಟುಡಿಯೋಗಳೆಲ್ಲ ಬೆಂಗಳೂರಿನಲ್ಲಿ. ನಮ್ಮ ಚಿಕ್ಕಬಳ್ಳಾಪುರದಿಂದ ಅದೇನು ದೂರವಾ? ಆದರೂ ಇಲ್ಲಿನ ಹೈಸ್ಕೂಲ್ ಮಕ್ಕಳಿಗೆ ಹೀಗೊಂದು ಕೆಲಸ ಇದೆ ಅಂತ ಹೇಳುವವರು ಯಾರು?

ಹಾಗಂತ ಕಣ್ಣು ಮುಚ್ಚಿ ಫೀಸು ಕಟ್ಟಬೇಡಿ. ಬರೀ ಸಾಫ್ಟ್‌ವೇರ್ ಕಲಿಸಿ ಲಕ್ಷಗಟ್ಟಲೆ ಕೇಳುವ ಇನ್‌ಸ್ಟಿಟ್ಯೂಟ್‌ಗಳು ಜಾಸ್ತಿ ಇವೆ. ಮನುಷ್ಯರ ಮೈಕಟ್ಟು, ಪರ್ಸ್‌ಪೆಕ್ಟಿವ್ (ದೂರ ಹತ್ತಿರ ಕಾಣುವಂತೆ ಬರೆಯುವುದು) ಕೈಯಲ್ಲಿ ಬರೆಸಿ ಕಲಿಸುತ್ತಾರಾ, ಅಲ್ಲಿ ಓದಿದವರು ಈಗ ಎಲ್ಲಿದ್ದಾರೆ, ವಿಚಾರಿಸಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇದೆ, ಅಹಮದಾಬಾದಿನ ಡಿಸೈನ್ ಕಾಲೇಜು ಎನ್‌ಐಡಿ ಇದೆ. ಅಲ್ಲಿಯವರೆಗೆ ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿತಾ, ಅನಿಮೇಷನ್ ಸಾಫ್ಟ್‌ವೇರ್ ಬ್ಲೆಂಡರ್ ಎರಡೂ ಉಚಿತ, ಬ್ಲೆಂಡರಿನಲ್ಲಿರುವ ಗ್ರೀಸ್ ಪೆನ್ಸಿಲ್ ಅನ್ನೋ ಉಪಕರಣದಲ್ಲಿ ಸ್ಟೋರಿಬೋರ್ಡೇ ಮಾಡಬಹುದು. ಅದಕ್ಕೂ ಮುಂಚೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಮಾರ್ಕೆಟ್ಟು, ಬಸ್‌ಸ್ಟ್ಯಾಂಡು, ನಿಮ್ಮ ಮನೆಯಲ್ಲಿ ನೂಲು ಬಿಚ್ಚುವವರು, ಎಲ್ಲವನ್ನೂ ದಿನಾ ಬರೆಯಲಿ.

ಒಂದು ಕೆಲಸ ಮಾಡಿ. ಆ ಗೂಡಿನ ಮಾರ್ಕೆಟ್ಟಿನ ಮೇಲೆ ನಾಲ್ಕು ಪುಟದ ಕಾಮಿಕ್ಸ್ ಬರೆಯೋಕೆ ಹೇಳಿ, ಕನ್ನಡದಲ್ಲಿ, ನಿಮ್ಮ ಊರಿನ ಮಾತಿನಲ್ಲಿ. ಚೆನ್ನಾಗಿದ್ದರೆ ನಮ್ಮ ದೀಪಾವಳಿ ಸಂಚಿಕೆಯಲ್ಲಿ ಹಾಕುತ್ತೇವೆ, ಹೆಸರೂ ಹಾಕುತ್ತೇವೆ, ದುಡ್ಡೂ ಕೊಡುತ್ತೇವೆ. ಎಲ್ಲಿ ತಿದ್ದಬೇಕು ಅಂತ ನಾನೇ ಕೂತು ಹೇಳುತ್ತೇನೆ. ಪೆನ್ಸಿಲ್ ರಫ್ ಇದ್ದರೂ ಪರವಾಗಿಲ್ಲ, ಮೊದಲು ಅದನ್ನೇ ಕಳಿಸಲಿ.